ಪ್ಯಾಲಿಯೇಟಿವ್ ಮೆಡಿಸಿನ್ ಫೆಲೋಶಿಪ್‌ಗೆ ಅರ್ಜಿ ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ರೆಸಿಡೆನ್ಸಿ (ಮೆಡಿಕಲ್ ಪದವಿಯ ನಂತರದ ತಜ್ಞ ತರಬೇತಿ) ಮಾಡುತ್ತಿರುವ ಕನ್ನಡದ ಡಾಕ್ಟರುಗಳಿಂದ ಪ್ರತಿ ವರ್ಷ ಮೇ, ಜೂನ್ ಹೊತ್ತಿಗೆ ನನಗೆ ಫೋನು, ಇಮೇಲು ಬರುತ್ತವೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ನಾನೂ ಇದೇ ದಾರಿಯಲ್ಲಿ ಬಂದವಳು, ಈಗ ಅರ್ಜಿ ಓದುವವರ ಸಾಲಿನಲ್ಲಿ ಕೂತಿದ್ದೇನೆ. ಹಾಗಾಗಿ ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟು ಉತ್ತರ ಬರೆದಿದ್ದೇನೆ. ಇಲ್ಲಿರುವುದೆಲ್ಲ ಅಮೆರಿಕದ ಫೆಲೋಶಿಪ್ ಬಗ್ಗೆ ಮಾತ್ರ, ಅಂದರೆ ರೆಸಿಡೆನ್ಸಿ ಮುಗಿದ ಮೇಲೆ ಒಂದು ಉಪವಿಭಾಗದಲ್ಲಿ ಪಡೆಯುವ ತರಬೇತಿ.

## ಶುರುವಿನಲ್ಲೇ ಕೇಳುವಂಥವು

ಪ್ಯಾಲಿಯೇಟಿವ್ ಅಂದ್ರೆ ಹಾಸ್ಪೈಸ್ ತಾನೆ? ಎರಡೂ ಒಂದೇ ಅಲ್ವಾ?

ಅಲ್ಲ. ಇದನ್ನು ಮೊದಲು ಸರಿಯಾಗಿ ತಿಳಿದುಕೊಳ್ಳಿ, ಯಾಕೆಂದರೆ ಅರ್ಜಿಯಲ್ಲಿ ಈ ಎರಡನ್ನು ಕಲಸಿ ಬರೆದಿದ್ದರೆ ಓದುವವರಿಗೆ ತಕ್ಷಣ ಗೊತ್ತಾಗಿಬಿಡುತ್ತದೆ.

ದೊಡ್ಡ ಕಾಯಿಲೆ ಇರುವ ಯಾರಿಗೇ ಆಗಲಿ, ಯಾವ ಹಂತದಲ್ಲೇ ಆಗಲಿ ಕೊಡಬಹುದಾದದ್ದು ಪ್ಯಾಲಿಯೇಟಿವ್ ಕೇರ್. ಕೀಮೋ ನಡೆಯುತ್ತಿರಬಹುದು, ಡಯಾಲಿಸಿಸ್ ನಡೆಯುತ್ತಿರಬಹುದು, ಅದರ ಜೊತೆಜೊತೆಗೇ ನೋವು, ಉಬ್ಬಸ, ವಾಂತಿ, ಭಯ, ಮನೆಯವರ ಗೊಂದಲ ಇವನ್ನೆಲ್ಲ ನೋಡಿಕೊಳ್ಳುವುದು. ಹಾಸ್ಪೈಸ್ ಇದರ ಒಂದು ಭಾಗ. 1982ರಲ್ಲಿ ಬಂದ ಕಾನೂನಿನ ಪ್ರಕಾರ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಇದಕ್ಕೆ ದುಡ್ಡು ಕೊಡುತ್ತದೆ. ಕಾಯಿಲೆ ತನ್ನ ಪಾಡಿಗೆ ಮುಂದುವರಿದರೆ ಆರು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಆಯುಷ್ಯ ಅಂತ ಡಾಕ್ಟರು ಬರೆದುಕೊಡಬೇಕು, ಕಾಯಿಲೆ ವಾಸಿ ಮಾಡುವ ಚಿಕಿತ್ಸೆ ಬೇಡ ಅಂತ ಪೇಷೆಂಟ್ ಒಪ್ಪಬೇಕು.

2010ರಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಿಂದ ಒಂದು ಅಧ್ಯಯನ ಬಂತು. ಹರಡಿಹೋದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರಲ್ಲಿ ಕೆಲವರಿಗೆ ಮೊದಲಿನಿಂದಲೇ ಪ್ಯಾಲಿಯೇಟಿವ್ ಕೇರ್ ಕೊಟ್ಟರು, ಉಳಿದವರಿಗೆ ಮಾಮೂಲಿ ಚಿಕಿತ್ಸೆ ಮಾತ್ರ. ಮೊದಲಿನ ಗುಂಪಿನವರ ದಿನಗಳು ಚೆನ್ನಾಗಿ ಕಳೆದವು, ಆಯುಷ್ಯ ಕೂಡ ಸ್ವಲ್ಪ ಜಾಸ್ತಿ ಬಂತು. ಮೀಡಿಯನ್ ಲೆಕ್ಕದಲ್ಲಿ 11.6 ತಿಂಗಳು, ಇನ್ನೊಂದು ಗುಂಪಿಗೆ 8.9. ಪ್ಯಾಲಿಯೇಟಿವ್‌ನವರನ್ನು ಕರೆದರೆ ಆಸೆ ಬಿಟ್ಟ ಹಾಗೆ ಅನ್ನುವ ಮಾತು ಈಗಲೂ ವಾರ್ಡುಗಳಲ್ಲಿ ಕೇಳಿಬರುತ್ತದೆ. ಈ ಕೆಲಸಕ್ಕೆ ಬರುವವರಿಗೆ ಅದಕ್ಕೆ ಶಾಂತವಾಗಿ ಉತ್ತರ ಕೊಡಲು ಬರಬೇಕು.

ಫೆಲೋಶಿಪ್ ಮಾಡಲೇಬೇಕಾ? ಹಾಗೇ ಕೆಲಸಕ್ಕೆ ಸೇರೋಕಾಗಲ್ವಾ?

ಬೋರ್ಡ್ ಸರ್ಟಿಫಿಕೇಟ್ (ಪರೀಕ್ಷೆ ಪಾಸಾದ ತಜ್ಞರು ಅನ್ನುವ ಮನ್ನಣೆ) ಬೇಕು ಅಂದರೆ ಮಾಡಲೇಬೇಕು. ಅಮೆರಿಕನ್ ಬೋರ್ಡ್ ಆಫ್ ಮೆಡಿಕಲ್ ಸ್ಪೆಷಾಲಿಟೀಸ್ ಇದನ್ನು ಉಪವಿಭಾಗ ಅಂತ ಒಪ್ಪಿದ್ದು 2006ರಲ್ಲಿ. ಮೊದಲ ಪರೀಕ್ಷೆ 2008ರಲ್ಲಿ. ಆಗ ಕೆಲಸದ ಅನುಭವ ತೋರಿಸಿ ಪರೀಕ್ಷೆಗೆ ಕೂರುವುದಕ್ಕೆ ಬಿಡುತ್ತಿದ್ದರು. 2012ರ ಪರೀಕ್ಷೆಯ ನಂತರ ಆ ಬಾಗಿಲು ಮುಚ್ಚಿತು. ಈಗ ಇಂಥ ತರಬೇತಿಗಳನ್ನು ಪರಿಶೀಲಿಸುವ ಎಸಿಜಿಎಂಇ ಸಂಸ್ಥೆಯ ಮಾನ್ಯತೆ ಇರುವ 12 ತಿಂಗಳ ಫೆಲೋಶಿಪ್ ಒಂದೇ ದಾರಿ.

ಹಾಸ್ಪೈಸ್ ಸಂಸ್ಥೆಗಳಲ್ಲಿ ಫೆಲೋಶಿಪ್ ಇಲ್ಲದೆಯೂ ಕೆಲಸ ಸಿಗುತ್ತದೆ. ಹಾಸ್ಪೈಸ್ ಮೆಡಿಕಲ್ ಡೈರೆಕ್ಟರ್‌ಗಳಿಗೆ ಅಂತಲೇ ಬೇರೆ ಒಂದು ಸರ್ಟಿಫಿಕೇಟ್ ಇದೆ. ಆದರೆ ದೊಡ್ಡ ಆಸ್ಪತ್ರೆಯಲ್ಲಿ ಬೇರೆ ವಿಭಾಗದವರು ಕರೆದಾಗ ಹೋಗಿ ಸಲಹೆ ಕೊಡುವ ಕನ್ಸಲ್ಟ್ ಟೀಮ್‌ಗೆ ಸೇರಬೇಕು, ಪಾಠ ಹೇಳಬೇಕು ಅಂತಿದ್ದರೆ ಫೆಲೋಶಿಪ್ ಮಾಡಿಬಿಡಿ. ಒಂದು ವರ್ಷ ತಾನೆ.

ನಾನು ಎಮರ್ಜೆನ್ಸಿ ಮೆಡಿಸಿನ್. ಇಂಟರ್ನಲ್ ಮೆಡಿಸಿನ್‌ನವರಿಗೆ ಮಾತ್ರ ಅಂತ ಯಾರೋ ಹೇಳಿದ್ರು, ನಿಜಾನಾ?

ನಿಜವಲ್ಲ. ಹತ್ತು ಬೋರ್ಡುಗಳು ಸೇರಿ ಈ ವಿಭಾಗವನ್ನು ನಡೆಸುತ್ತವೆ: ಇಂಟರ್ನಲ್ ಮೆಡಿಸಿನ್, ಫ್ಯಾಮಿಲಿ ಮೆಡಿಸಿನ್, ಪೀಡಿಯಾಟ್ರಿಕ್ಸ್, ಎಮರ್ಜೆನ್ಸಿ, ಅನಸ್ತೇಶಿಯಾ, ಸರ್ಜರಿ, ಸೈಕಿಯಾಟ್ರಿ ಮತ್ತು ನ್ಯೂರಾಲಜಿ, ಒಬ್‌ಗೈನ್, ರೇಡಿಯಾಲಜಿ, ಪಿಎಂಆರ್ (ದೇಹದ ಪುನಶ್ಚೇತನದ ವಿಭಾಗ). ಬೇರೆ ಉಪವಿಭಾಗಗಳಿಗೆ ಇಷ್ಟು ಬಾಗಿಲು ಇರುವುದು ಅಪರೂಪ.

ನನ್ನ ಅನುಭವದಲ್ಲಿ ಬೇರೆ ಕಡೆಯಿಂದ ಬಂದವರು ತಂಡಕ್ಕೆ ಏನಾದರೂ ಹೊಸದು ತರುತ್ತಾರೆ. ಎಮರ್ಜೆನ್ಸಿಯವರು ಹತ್ತು ನಿಮಿಷದಲ್ಲಿ ಕಷ್ಟದ ಮಾತು ಆಡುವುದನ್ನು ಕಲಿತಿರುತ್ತಾರೆ, ಅನಸ್ತೇಶಿಯಾದವರಿಗೆ ನೋವಿನ ಔಷಧಿಗಳ ಮೇಲೆ ಕೈ ಪಳಗಿರುತ್ತದೆ. ಅರ್ಜಿಯಲ್ಲಿ ಅದನ್ನೇ ಹೇಳಿ. "ನಾನು ಮೆಡಿಸಿನ್ ಅಲ್ಲ, ಆದರೂ" ಅಂತ ಕ್ಷಮೆ ಕೇಳುವ ಹಾಗೆ ಶುರು ಮಾಡಬೇಡಿ.

ಒಂದು ಎಚ್ಚರಿಕೆ ಮಾತ್ರ. ಕೆಲವು ಪ್ರೋಗ್ರಾಂಗಳು ತಮ್ಮ ವಿಭಾಗದಿಂದ ಬಂದವರನ್ನೇ ಜಾಸ್ತಿ ತೆಗೆದುಕೊಳ್ಳುತ್ತವೆ. ಈಗಿರುವ ಫೆಲೋಗಳು ಯಾವ ರೆಸಿಡೆನ್ಸಿಯಿಂದ ಬಂದಿದ್ದಾರೆ ಅಂತ ನೋಡಿದರೆ ಸಾಕು, ಗೊತ್ತಾಗುತ್ತದೆ.

ಭಾರತದಲ್ಲಿ ಎಂಡಿ ಮುಗಿಸಿದ್ದೀನಿ. ನೇರವಾಗಿ ಫೆಲೋಶಿಪ್‌ಗೆ ಹಾಕಬಹುದಾ?

ಸಾಮಾನ್ಯವಾಗಿ ಆಗುವುದಿಲ್ಲ. ಮೊದಲು ಮಾನ್ಯತೆ ಇರುವ ರೆಸಿಡೆನ್ಸಿ ಮುಗಿದಿರಬೇಕು. ಅಪರೂಪಕ್ಕೆ ಕೆಲವು ಪ್ರೋಗ್ರಾಂಗಳು ವಿಶೇಷ ಅರ್ಹತೆ ಅಂತ ವಿನಾಯಿತಿ ಕೊಡುವುದುಂಟು. ಆದರೆ ಹಾಗೆ ಸೇರಿದರೂ ಮೂಲ ವಿಭಾಗದ ಬೋರ್ಡ್ ಇಲ್ಲದೆ ಪ್ಯಾಲಿಯೇಟಿವ್ ಬೋರ್ಡ್ ಪರೀಕ್ಷೆಗೆ ಕೂರಲು ಬರುವುದಿಲ್ಲ. ಒಂದು ವರ್ಷ ಕಳೆದ ಮೇಲೆ ಇದು ಗೊತ್ತಾಗಿ ಅತ್ತವರನ್ನು ನೋಡಿದ್ದೇನೆ. ದಯವಿಟ್ಟು ಸೇರುವ ಮುಂಚೆಯೇ ಇದನ್ನು ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ.

## ಅರ್ಜಿ ಸಿದ್ಧ ಮಾಡುವಾಗ

ಯಾವಾಗಿಂದ ಶುರು ಮಾಡಬೇಕು?

ಮೂರು ವರ್ಷದ ರೆಸಿಡೆನ್ಸಿ ಅಂತಿಟ್ಟುಕೊಳ್ಳಿ. ಎರಡನೇ ವರ್ಷದಲ್ಲೇ ಒಂದು ಪ್ಯಾಲಿಯೇಟಿವ್ ರೊಟೇಷನ್ ಮುಗಿದಿರಲಿ. ಮೂರನೇ ವರ್ಷದ ಜುಲೈ ಮೊದಲ ವಾರದಲ್ಲಿ ಇರಾಸ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಸಲ್ಲಿಸಬಹುದು, ಜುಲೈ ಮಧ್ಯದಲ್ಲಿ ಪ್ರೋಗ್ರಾಂಗಳು ಓದಲು ಶುರು ಮಾಡುತ್ತವೆ. ಆಗಸ್ಟ್‌ನಿಂದ ಅಕ್ಟೋಬರ್ ತನಕ ಇಂಟರ್‌ವ್ಯೂಗಳು. ನವೆಂಬರ್‌ನಲ್ಲಿ ರ‍್ಯಾಂಕ್ ಲಿಸ್ಟ್ (ಇಷ್ಟದ ಪ್ರೋಗ್ರಾಂಗಳ ಕ್ರಮಪಟ್ಟಿ) ಕೊಡಬೇಕು. ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲಲ್ಲಿ ಮ್ಯಾಚ್ ಫಲಿತಾಂಶ, ಅಂದರೆ ಎರಡೂ ಕಡೆಯ ಪಟ್ಟಿ ಹೊಂದಿಸಿ ಯಾರಿಗೆ ಯಾವ ಪ್ರೋಗ್ರಾಂ ಅಂತ ಹೇಳುವುದು. ಕೆಲಸ ಶುರುವಾಗುವುದು ಮುಂದಿನ ಜುಲೈನಲ್ಲಿ. ತಾರೀಖು ವರ್ಷ ವರ್ಷ ಒಂದೆರಡು ದಿನ ಆಚೀಚೆ ಆಗುತ್ತದೆ, ಅದನ್ನು ಅಲ್ಲೇ ನೋಡಿಕೊಳ್ಳಿ.

ಇರಾಸ್ ಬೇರೆ, ಎನ್‌ಆರ್‌ಎಂಪಿ ಬೇರೆ ಅನ್ನುವುದನ್ನು ಮರೆಯಬೇಡಿ. ಅರ್ಜಿ ಹೋಗುವುದು ಇರಾಸ್ ಮೂಲಕ, ಮ್ಯಾಚ್ ನಡೆಸುವುದು ಎನ್‌ಆರ್‌ಎಂಪಿ. ಎರಡರಲ್ಲೂ ಬೇರೆ ಬೇರೆ ನೋಂದಣಿ, ಬೇರೆ ಬೇರೆ ಫೀಸು.

ಏನೇನು ಬೇಕು? ರೆಸಿಡೆನ್ಸಿಗೆ ಕೊಟ್ಟಿದ್ದೇ ಸಾಕಾ?

ಮೆಡಿಕಲ್ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್, ಡೀನ್ ಪತ್ರ, ಯುಎಸ್‌ಎಂಎಲ್‌ಇ (ಸ್ಟೆಪ್ 1, 2, 3 ಅಂತ ಹಂತಗಳಿರುವ ಅಮೆರಿಕದ ಲೈಸೆನ್ಸ್ ಪರೀಕ್ಷೆ) ಅಂಕಗಳು, ಫೋಟೋ, ಹೊರದೇಶದಲ್ಲಿ ಓದಿದವರಾದರೆ ಹೊರದೇಶದ ಮೆಡಿಕಲ್ ಪದವಿಯನ್ನು ಪರಿಶೀಲಿಸಿ ಕೊಡುವ ಇಸಿಎಫ್‌ಎಂಜಿ ಸರ್ಟಿಫಿಕೇಟ್. ಇವು ಹಳೆಯವೇ ಆದರೂ ಮತ್ತೆ ಅಪ್‌ಲೋಡ್ ಆಗಬೇಕು, ತಾನಾಗೇ ಬರುತ್ತವೆ ಅಂತ ಕೂರಬೇಡಿ. ಹೊಸದಾಗಿ ಬೇಕಾಗುವುದು ಪರ್ಸನಲ್ ಸ್ಟೇಟ್‌ಮೆಂಟ್ ಮತ್ತು ರೆಕಮೆಂಡೇಷನ್ ಪತ್ರಗಳು. ಒಂದು ಪ್ರೋಗ್ರಾಂಗೆ ಹೆಚ್ಚೆಂದರೆ ನಾಲ್ಕು ಪತ್ರ ಹಾಕಬಹುದು.

ಲೆಟರ್ ಯಾರ ಹತ್ತಿರ ತಗೊಳ್ಳಲಿ? ದೊಡ್ಡ ಹೆಸರಿನ ಪ್ರೊಫೆಸರ್ ಕೊಟ್ರೆ ಒಳ್ಳೇದಲ್ವಾ?

ದೊಡ್ಡ ಹೆಸರಿಗಿಂತ ನಿಮ್ಮನ್ನು ನೋಡಿದವರ ಪತ್ರ ಮುಖ್ಯ. ರೆಸಿಡೆನ್ಸಿಯ ಪ್ರೋಗ್ರಾಂ ಡೈರೆಕ್ಟರ್‌ದು ಒಂದು ಇರಲೇಬೇಕು. ನಿಮ್ಮ ಜೊತೆ ಪೇಷೆಂಟ್ ನೋಡಿದ ಪ್ಯಾಲಿಯೇಟಿವ್ ಡಾಕ್ಟರ್‌ದು ಒಂದು. ಮೂರನೆಯದು ನಿಮ್ಮ ಕ್ಲಿನಿಕಲ್ ಕೆಲಸ ಗಟ್ಟಿಯಾಗಿದೆ ಅಂತ ಹೇಳಬಲ್ಲವರು ಯಾರಾದರೂ, ಐಸಿಯುದವರು, ಆಂಕಾಲಜಿಯವರು.

ನಾನು ಪತ್ರ ಓದುವಾಗ ಹುಡುಕುವುದು ಒಂದೇ ಒಂದು ನಿಜವಾದ ಘಟನೆ. "ಈಕೆ ಬಹಳ ಕಷ್ಟಪಟ್ಟು ಕೆಲಸ ಮಾಡುತ್ತಾಳೆ" ಅಂತ ಎಲ್ಲರ ಪತ್ರದಲ್ಲೂ ಇರುತ್ತದೆ. "ಮಗ ಕೋಪದಿಂದ ಎದ್ದು ಹೋದಾಗ ಈಕೆ ಹಿಂದೆ ಹೋಗಿ ಕಾರಿಡಾರಿನಲ್ಲಿ ಅವನ ಪಕ್ಕ ನಿಂತಳು, ಇಪ್ಪತ್ತು ನಿಮಿಷದ ಮೇಲೆ ಇಬ್ಬರೂ ಒಳಗೆ ಬಂದರು" ಅಂತ ಒಂದು ಸಾಲು ಇದ್ದರೆ ಆ ಹೆಸರು ನನಗೆ ನೆನಪಿರುತ್ತದೆ. ಹಾಗಾಗಿ ಪತ್ರ ಕೇಳುವಾಗ ನೀವೇ ನೆನಪಿಸಿ. "ಸರ್, ಮಾರ್ಚ್‌ನಲ್ಲಿ ಆ ಲಿವರ್ ಪೇಷೆಂಟ್ ಫ್ಯಾಮಿಲಿ ಮೀಟಿಂಗ್ ನಾವಿಬ್ಬರೂ ಮಾಡಿದ್ವಲ್ಲ" ಅಂತ ಎರಡು ಸಾಲು ಬರೆದು ಕಳಿಸಿದರೆ ಅವರಿಗೂ ಅನುಕೂಲ. ಕನಿಷ್ಠ ಆರು ವಾರ ಟೈಮ್ ಕೊಡಿ. ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡಿ, ಇಲ್ಲದಿದ್ದರೆ ಓದುವವರು ಅದನ್ನು ಅಷ್ಟು ನಂಬುವುದಿಲ್ಲ.

ಪರ್ಸನಲ್ ಸ್ಟೇಟ್‌ಮೆಂಟ್‌ನಲ್ಲಿ ನಮ್ಮಜ್ಜಿ ತೀರಿಕೊಂಡಿದ್ದನ್ನ ಬರೀಬಹುದಾ? ಎಲ್ಲರೂ ಅದನ್ನೇ ಬರೀತಾರಂತೆ.

ಹೌದು, ಬಹಳ ಜನ ಬರೆಯುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಮನೆಯಲ್ಲಿ ಒಂದು ಸಾವು ನೋಡಿದ ಮೇಲೆ ಈ ಕಡೆ ಮನಸ್ಸು ತಿರುಗಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ನಾನೂ ಒಬ್ಬಳು. ತೊಂದರೆ ಆಗುವುದು ಇಡೀ ಪುಟ ಅಜ್ಜಿಯದೇ ಆಗಿ, ಡಾಕ್ಟರಾಗಿ ನೀವು ಏನು ಮಾಡಿದಿರಿ ಅನ್ನುವುದು ಕೊನೆಯ ಎರಡು ಸಾಲಿಗೆ ಬಂದು ನಿಂತಾಗ. ಅಜ್ಜಿಗೆ ನಾಲ್ಕೈದು ಸಾಲು ಕೊಡಿ. ಆಮೇಲೆ ಆಸ್ಪತ್ರೆಗೆ ಬನ್ನಿ.

ಒಬ್ಬ ರೆಸಿಡೆಂಟ್ ನನಗೆ ಮೊದಲ ಡ್ರಾಫ್ಟ್ ಕಳಿಸಿದ್ದ. ಶುರುವೇ "ನನಗೆ ಚಿಕ್ಕಂದಿನಿಂದಲೂ ಕರುಣೆ ಜಾಸ್ತಿ" ಅಂತ. ನಾನು ಫೋನ್ ಮಾಡಿ, ಅದು ಬಿಡಪ್ಪ, ಈ ವರ್ಷ ನಿನಗೆ ಮರೆಯಲಾಗದ ಒಂದು ರಾತ್ರಿ ಹೇಳು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ. ಐಸಿಯುನಲ್ಲಿ ರಾತ್ರಿ ಎರಡು ಗಂಟೆ. ವೆಂಟಿಲೇಟರ್ ಮೇಲಿದ್ದ ಪೇಷೆಂಟ್‌ನ ಹೆಂಡತಿಗೆ ಇವನು ಶ್ವಾಸಕೋಶದ ಸ್ಥಿತಿ ವಿವರಿಸುತ್ತಿದ್ದ, ಆಕೆ ನಡುವೆ ತಡೆದು "ಇವರಿಗೆ ಚಳಿಯಾಗ್ತಿದೆಯಾ, ಪಾದ ತಣ್ಣಗಿದೆ" ಅಂದರು. ಇವನು ಮಾತು ನಿಲ್ಲಿಸಿ ಹೋಗಿ ಬೆಚ್ಚಗಿನ ಹೊದಿಕೆ ತಂದು ಪಾದಕ್ಕೆ ಸುತ್ತಿದ. ಅದಾದ ಮೇಲೆ ಆಕೆ ತಾವಾಗಿಯೇ ಕೇಳಿದರಂತೆ, "ಇವರು ಉಳಿಯಲ್ಲ ಅಲ್ವಾ?"

ಬರೆಯಬೇಕಾದದ್ದು ಇದು. ಅವನು ಅದನ್ನೇ ಬರೆದ. ಆಗ ತನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ, ಗೊತ್ತಿಲ್ಲ ಅನ್ನುವುದೇ ತನ್ನನ್ನು ಈ ಫೆಲೋಶಿಪ್ ಕಡೆ ಎಳೆದುಕೊಂಡು ಬಂತು ಅಂತಲೂ ಬರೆದ. ಕರುಣೆ ಅನ್ನುವ ಪದ ಎಲ್ಲೂ ಇರಲಿಲ್ಲ, ಬೇಕೂ ಇರಲಿಲ್ಲ.

ಉದ್ದ ಒಂದು ಪುಟ ಮೀರದಿರಲಿ. ಮುಂದೆ ಏನು ಮಾಡಬೇಕು ಅಂದುಕೊಂಡಿದ್ದೀರಿ ಅನ್ನುವುದು ಒಂದು ಪ್ಯಾರಾ ಇರಲಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಪ್ರಾಮಾಣಿಕವಾಗಿ ಬರೆಯಿರಿ. ಪೇಷೆಂಟ್ ಯಾರು ಅಂತ ಗುರುತು ಸಿಗುವ ವಿವರ ಹಾಕಲೇಬೇಡಿ, ಊರು, ವಯಸ್ಸು, ಕೆಲಸ ಇವನ್ನೆಲ್ಲ ತೆಗೆದುಬಿಡಿ.

ಸ್ಟೆಪ್ ಸ್ಕೋರ್ ಕಡಿಮೆ ಇದೆ, ಒಂದು ಸಲ ಫೇಲೂ ಆಗಿದ್ದೀನಿ. ಆಸೆ ಬಿಡ್ಲಾ?

ಬಿಡಬೇಡಿ. ಕಾರ್ಡಿಯಾಲಜಿ, ಗ್ಯಾಸ್ಟ್ರೋ ತರಹ ಅಂಕದ ಮೇಲೆ ಜರಡಿ ಹಿಡಿಯುವ ವಿಭಾಗವಲ್ಲ ಇದು. ಫೇಲ್ ಆಗಿದ್ದರೆ ಕಾರಣವನ್ನು ಎರಡೇ ಸಾಲಿನಲ್ಲಿ ಹೇಳಿ, ಆಮೇಲೆ ಏನು ಬದಲಾಯಿಸಿಕೊಂಡಿರಿ ಅಂತ ಹೇಳಿ, ಅಲ್ಲಿಗೆ ಬಿಡಿ. ಇಡೀ ಪುಟ ಅದರ ಸಮಜಾಯಿಷಿ ಬೇಡ. ಸ್ಟೆಪ್ 3 ಮುಗಿಸಿಕೊಂಡೇ ಅರ್ಜಿ ಹಾಕಿದರೆ ಓದುವವರಿಗೂ ಧೈರ್ಯ ಬರುತ್ತದೆ.

ನಮ್ಮ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ಟೀಮೇ ಇಲ್ಲ. ಅನುಭವ ಎಲ್ಲಿಂದ ತರಲಿ?

ಸಣ್ಣ ಆಸ್ಪತ್ರೆಗಳಲ್ಲಿ ಇರುವವರ ಗೋಳು ಇದು. ಮೊದಲು ಮಾಡಬೇಕಾದದ್ದು ಹತ್ತಿರದ ಹಾಸ್ಪೈಸ್ ಸಂಸ್ಥೆಗೆ ಫೋನ್. ಎಲೆಕ್ಟಿವ್ ವಾರ ಇದ್ದರೆ, ನರ್ಸ್ ಜೊತೆ ಮನೆಗಳಿಗೆ ಹೋಗಬಹುದಾ ಅಂತ ಕೇಳಿ. ನಾನು ಮೊದಲ ಸಲ ಹೀಗೆ ಹೋದಾಗ ನರ್ಸ್ ಮನೆಯೊಳಗೆ ಕಾಲಿಟ್ಟವರೇ ಸೀದಾ ಫ್ರಿಜ್ ಹತ್ತಿರ ಹೋದರು. ಬಾಗಿಲ ಮೇಲೆ ಪೋಲ್ಸ್ಟ್ ಕಾಗದ (ತುರ್ತಿನಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಬರೆದ ಆರ್ಡರ್) ಅಂಟಿಸಿತ್ತು, ಆಂಬುಲೆನ್ಸ್‌ನವರು ಬಂದರೆ ಮೊದಲು ನೋಡುವ ಜಾಗ ಅದು. ಒಳಗೆ ಒಂದು ಪುಟ್ಟ ಡಬ್ಬಿ, ಅದರಲ್ಲಿ ಮಾರ್ಫಿನ್ ದ್ರಾವಣ, ಲೋರಾಜೆಪಾಮ್, ಗಂಟಲಲ್ಲಿ ಗೊರಗೊರ ಅನ್ನುವುದಕ್ಕೆ ಹಾಕುವ ಡ್ರಾಪ್ಸ್. ಅವರು ಸಿರಿಂಜ್‌ನಲ್ಲಿ ಎಷ್ಟು ಎಳೆಯಬೇಕು ಅಂತ ಮಗಳ ಕೈಯಲ್ಲೇ ಮಾಡಿಸಿ ನೋಡಿದರು, ನಾಲ್ಕು ಸಲ. ರಾತ್ರಿ ಮೂರು ಗಂಟೆಗೆ ಆ ಮಗಳು ಒಬ್ಬಳೇ ಇರುತ್ತಾಳಲ್ಲ. ಆಸ್ಪತ್ರೆಯಲ್ಲಿ ನಾವು "ಬೇಕಾದಾಗ ಮಾರ್ಫಿನ್" ಅಂತ ಬರೆಯುವ ಆರ್ಡರ್‌ಗೆ ಮನೆಯಲ್ಲಿ ಏನರ್ಥ ಅಂತ ನನಗೆ ತಿಳಿದದ್ದು ಅವತ್ತು.

ಇದಲ್ಲದೆ ಬೇರೆ ಆಸ್ಪತ್ರೆಯಲ್ಲಿ ಎರಡು ಅಥವಾ ನಾಲ್ಕು ವಾರದ ಹೊರ ರೊಟೇಷನ್ ಕೇಳಿ. ನೀವು ಸೇರಬೇಕು ಅಂದುಕೊಂಡ ಪ್ರೋಗ್ರಾಂನಲ್ಲೇ ಸಿಕ್ಕಿದರೆ ಇನ್ನೂ ಒಳ್ಳೆಯದು, ಪತ್ರ ಕೂಡ ಅಲ್ಲೇ ಸಿಗುತ್ತದೆ. ಅದೂ ಆಗದಿದ್ದರೆ ನಿಮ್ಮ ಐಸಿಯುನಲ್ಲಿ ಫ್ಯಾಮಿಲಿ ಮೀಟಿಂಗ್ ನಡೆಸುವ ಜವಾಬ್ದಾರಿ ಕೇಳಿ ತೆಗೆದುಕೊಳ್ಳಿ. ಟೀಮ್ ಇಲ್ಲದ ಕಡೆ ಆ ಕೆಲಸ ಯಾರೋ ಒಬ್ಬರು ಮಾಡಲೇಬೇಕಲ್ವಾ, ಅದು ನೀವಾಗಿರಿ.

ರಿಸರ್ಚ್ ಬೇಕಾ?

ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಅರ್ಜಿ ಬಿದ್ದುಹೋಗುವುದಿಲ್ಲ. ವಾರ್ಡಿನಲ್ಲಿ ಒಂದು ಸಣ್ಣ ಕ್ವಾಲಿಟಿ ಪ್ರಾಜೆಕ್ಟ್ ಸಾಕು, ಉದಾಹರಣೆಗೆ ಒಪಿಯಾಯ್ಡ್ ಬರೆದವರಿಗೆಲ್ಲ ಮಲಬದ್ಧತೆಯ ಔಷಧಿಯೂ ಹೋಗುತ್ತಿದೆಯಾ ಅಂತ ಲೆಕ್ಕ ಹಾಕುವುದು. ಸಂಶೋಧನೆಯೇ ನಿಮ್ಮ ಗುರಿ ಅಂದರೆ ಮಾತ್ರ ಅದಕ್ಕೆ ಹೆಸರಾದ ದೊಡ್ಡ ವಿಶ್ವವಿದ್ಯಾಲಯಗಳ ಕಡೆ ನೋಡಿ.

ಎಷ್ಟು ಕಡೆ ಹಾಕಬೇಕು? ಐವತ್ತು ಹಾಕಿದೋರು ಇದ್ದಾರಂತೆ.

ಐವತ್ತು ಜಾಸ್ತಿಯಾಯಿತು. ದೇಶದಲ್ಲಿ 150ಕ್ಕಿಂತ ಹೆಚ್ಚು ಪ್ರೋಗ್ರಾಂಗಳಿವೆ, ಎಷ್ಟೋ ಕಡೆ ವರ್ಷಕ್ಕೆ ಒಬ್ಬಿಬ್ಬರು ಫೆಲೋಗಳು ಮಾತ್ರ. ಅಮೆರಿಕದಲ್ಲಿ ರೆಸಿಡೆನ್ಸಿ ಚೆನ್ನಾಗಿ ಮುಗಿಸುತ್ತಿರುವವರು, ವೀಸಾ ತಾಪತ್ರಯ ಇಲ್ಲದವರು ಹತ್ತು ಹದಿನೈದು ಕಡೆ ಹಾಕಿದರೆ ಸಾಕು ಅನ್ನುವುದು ನನ್ನ ಅಂದಾಜು. ವೀಸಾ ಬೇಕಾದವರು, ಅಥವಾ ಗಂಡ ಹೆಂಡತಿ ಕೆಲಸದ ಕಾರಣ ಒಂದೇ ಊರಿಗೆ ಕಟ್ಟಿಬಿದ್ದವರು ಲೆಕ್ಕ ಬೇರೆ ಹಾಕಬೇಕು. ಸಂಖ್ಯೆ ಜಾಸ್ತಿಯಾದಷ್ಟೂ ಪ್ರತಿಯೊಂದರ ಬಗ್ಗೆ ಓದಿಕೊಳ್ಳುವುದು ಕಡಿಮೆಯಾಗುತ್ತದೆ, ಇಂಟರ್‌ವ್ಯೂನಲ್ಲಿ ಅದು ಎದ್ದು ಕಾಣುತ್ತದೆ.

## ಇಂಟರ್‌ವ್ಯೂ ಮತ್ತು ಮ್ಯಾಚ್

ಇಂಟರ್‌ವ್ಯೂನಲ್ಲಿ ಏನು ಕೇಳ್ತಾರೆ?

2020ರಿಂದ ಈಚೆಗೆ ಬಹುಪಾಲು ಇಂಟರ್‌ವ್ಯೂಗಳು ವಿಡಿಯೋದಲ್ಲೇ ನಡೆಯುತ್ತಿವೆ. ಡಾಕ್ಟರುಗಳ ಜೊತೆ ಸೋಷಿಯಲ್ ವರ್ಕರ್, ಚಾಪ್ಲೇನ್ (ಆಸ್ಪತ್ರೆಯ ಧರ್ಮಗುರು), ನರ್ಸ್ ಕೂಡ ಇಂಟರ್‌ವ್ಯೂ ಮಾಡಬಹುದು. ಅವರ ಮಾತಿಗೂ ತೂಕ ಇರುತ್ತದೆ. ಡಾಕ್ಟರ್ ಇದ್ದಾಗ ಮುಂದೆ ಬಾಗಿ ಉತ್ತರ ಕೊಟ್ಟು, ಚಾಪ್ಲೇನ್ ಬಂದಾಗ ಒರಗಿ ಕೂತವರನ್ನು ನಾವು ಗಮನಿಸಿದ್ದೇವೆ.

ಪ್ರಶ್ನೆಗಳು ಸಾಮಾನ್ಯವಾಗಿ ಹೀಗೆ. ಮರೆಯದ ಒಬ್ಬ ಪೇಷೆಂಟ್ ಬಗ್ಗೆ ಹೇಳಿ. ನಿಮಗೆ ಒಪ್ಪಿಗೆಯಾಗದ ನಿರ್ಧಾರವನ್ನು ಮನೆಯವರು ತೆಗೆದುಕೊಂಡಾಗ ಏನು ಮಾಡಿದಿರಿ? ತಂಡದಲ್ಲಿ ಜಗಳ ಆಗಿದ್ದು ಹೇಳಿ. ಕೆಟ್ಟ ದಿನ ಮುಗಿಸಿ ಮನೆಗೆ ಹೋದ ಮೇಲೆ ಏನು ಮಾಡುತ್ತೀರಿ? ಕೆಲವು ಕಡೆ ಒಂದು ಸಣ್ಣ ನಾಟಕ ಮಾಡಿಸುತ್ತಾರೆ, ಒಬ್ಬರು ಪೇಷೆಂಟ್‌ನ ಮಗಳಾಗಿ ಕೂರುತ್ತಾರೆ, ನೀವು ಕೆಟ್ಟ ಸುದ್ದಿ ಹೇಳಬೇಕು.

ಆ ನಾಟಕದಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಮಗಳು "ಹಾಗಾದ್ರೆ ಅಮ್ಮ ಸಾಯ್ತಾರಾ?" ಅಂತ ಕೇಳುತ್ತಾಳೆ. ತಕ್ಷಣ ಇವರು ಸ್ಕ್ಯಾನ್, ಕ್ರಿಯಾಟಿನಿನ್, ಪರ್ಸೆಂಟೇಜ್ ಅಂತ ಮಾತಿಗೆ ಶುರು ಮಾಡುತ್ತಾರೆ. ಅವಳಿಗೆ ಆಗ ಬೇಕಿರುವುದು ಅಂಕಿ ಅಂಶವಲ್ಲ. "ಹೌದು, ನನಗೂ ಆ ಭಯ ಇದೆ" ಅಂತ ಹೇಳಿ ಸುಮ್ಮನಾಗಿ. ವಿಡಿಯೋದಲ್ಲಿ ಐದು ಸೆಕೆಂಡ್ ಮೌನ ಬಹಳ ಉದ್ದ ಅನ್ನಿಸುತ್ತದೆ, ಆದರೂ ಅದನ್ನು ತಡೆದುಕೊಳ್ಳಿ. ಕೆಟ್ಟ ಸುದ್ದಿ ಹೇಳಲು ಇರುವ ಸ್ಪೈಕ್ಸ್ ಅನ್ನುವ ಆರು ಹೆಜ್ಜೆಯ ಕ್ರಮ ನಿಮಗೆ ಗೊತ್ತಿರಬಹುದು, ಅದನ್ನು ಬಾಯಿಪಾಠ ಒಪ್ಪಿಸಬೇಡಿ. ಎದುರಿನವರ ಮುಖ ನೋಡಿಕೊಂಡು ಮುಂದಿನ ಮಾತು ಆಡಿದರೆ ಸಾಕು.

ನನ್ನದೇ ಇಂಟರ್‌ವ್ಯೂ ಒಂದರಲ್ಲಿ ನೀವು ಮಾಡಿದ ತಪ್ಪು ಹೇಳಿ ಅಂದರು. ಇಂಟರ್ನ್ ಆಗಿದ್ದಾಗ ಒಬ್ಬರಿಗೆ ಬಾಗಿಲಲ್ಲಿ ನಿಂತುಕೊಂಡೇ ಬಯಾಪ್ಸಿ ಫಲಿತಾಂಶ ಹೇಳಿ ಹೋಗಿದ್ದೆ, ಪೇಜರ್ ಹೊಡೆದುಕೊಳ್ಳುತ್ತಿತ್ತು. ಸಂಜೆ ವಾಪಸ್ ಹೋದಾಗ ಅವರು ಊಟದ ತಟ್ಟೆ ಮುಟ್ಟಿರಲಿಲ್ಲ. ಅದನ್ನು ಹಾಗೇ ಹೇಳಿದೆ, ಆಮೇಲೆ ಕುರ್ಚಿ ಎಳೆದುಕೊಂಡು ಕೂರದೆ ಇಂಥ ಮಾತು ಆಡಿಲ್ಲ ಅಂತಲೂ ಹೇಳಿದೆ. ನಿಜವಾದ ತಪ್ಪೇ ಹೇಳಿ. "ನಾನು ಜಾಸ್ತಿ ಕೆಲಸ ಮಾಡ್ತೀನಿ, ಅದೇ ತಪ್ಪು" ಅನ್ನುವ ಉತ್ತರ ಕೇಳಿ ಕೇಳಿ ಸಾಕಾಗಿದೆ.

ನಾನು ಅವರನ್ನ ಏನು ಕೇಳಲಿ?

ಹಾಸ್ಪೈಸ್ ಮನೆ ಭೇಟಿಗಳು ಎಷ್ಟು, ಯಾರ ಜೊತೆ? ಹೊರರೋಗಿ ಕ್ಲಿನಿಕ್ ವರ್ಷವಿಡೀ ಇದೆಯಾ, ಒಂದೇ ಪೇಷೆಂಟನ್ನು ತಿಂಗಳುಗಟ್ಟಲೆ ನೋಡುವುದಕ್ಕೆ ಆಗುತ್ತದಾ? ಫ್ಯಾಮಿಲಿ ಮೀಟಿಂಗ್‌ನಲ್ಲಿ ನಾನು ಮಾತಾಡುವಾಗ ಸೀನಿಯರ್ ಪಕ್ಕದಲ್ಲಿ ಕೂತು ನೋಡಿ, ಆಮೇಲೆ ಹೇಗಿತ್ತು ಅಂತ ಹೇಳುತ್ತಾರಾ? ಈ ಮೂರನೆಯದು ಬಹಳ ಮುಖ್ಯ. ಸರ್ಜನ್‌ನ ಕೈಯನ್ನು ಯಾರೋ ನೋಡಿ ತಿದ್ದುತ್ತಾರಲ್ಲ, ನಮ್ಮ ಮಾತನ್ನೂ ಹಾಗೇ ತಿದ್ದಬೇಕು. ಅದು ಇಲ್ಲದ ಕಡೆ ಒಂದು ವರ್ಷ ಸುಮ್ನೆ ಕನ್ಸಲ್ಟ್ ಬರೆದುಕೊಂಡು ಕಳೆದುಹೋಗುತ್ತದೆ.

ಈಗಿನ ಫೆಲೋಗಳ ಜೊತೆ ಒಂಟಿಯಾಗಿ ಮಾತಾಡಲು ಟೈಮ್ ಕೇಳಿ. ಕೊಡದಿದ್ದರೆ ಅದೂ ಒಂದು ಉತ್ತರವೇ.

ರ‍್ಯಾಂಕ್ ಲಿಸ್ಟ್‌ನಲ್ಲಿ ಸಿಗೋ ಸಾಧ್ಯತೆ ಇರೋದನ್ನ ಮೇಲೆ ಹಾಕಬೇಕಾ?

ಬೇಡ. ನಿಮಗೆ ಇಷ್ಟವಾದ ಕ್ರಮದಲ್ಲೇ ಹಾಕಿ. ಈ ಮ್ಯಾಚ್ ಲೆಕ್ಕ ಅರ್ಜಿದಾರರ ಇಷ್ಟದಿಂದಲೇ ಶುರುವಾಗುತ್ತದೆ, ಮೇಲೆ ದೊಡ್ಡದೊಂದು ಹೆಸರು ಹಾಕಿ ಅದು ಸಿಗದಿದ್ದರೆ ಕೆಳಗಿನದರಲ್ಲಿ ನಿಮ್ಮ ಅವಕಾಶ ಒಂಚೂರೂ ಕಡಿಮೆಯಾಗುವುದಿಲ್ಲ. "ನಮ್ಮನ್ನು ಮೊದಲು ಹಾಕ್ತೀರಾ?" ಅಂತ ಪ್ರೋಗ್ರಾಂನವರು ಕೇಳುವ ಹಾಗಿಲ್ಲ. ಕೇಳಿದರೂ ನೀವು ಹೇಳಬೇಕಾಗಿಲ್ಲ. ಹೋಗಲು ಮನಸ್ಸೇ ಇಲ್ಲದ ಕಡೆಯನ್ನು ಲಿಸ್ಟಿಗೆ ಹಾಕಬೇಡಿ, ಯಾಕೆಂದರೆ ಮ್ಯಾಚ್ ಆದರೆ ಅದು ಒಪ್ಪಂದ.

ಮ್ಯಾಚ್ ಆಗಲಿಲ್ಲ. ಇನ್ನೇನು ಮಾಡ್ಲಿ?

ಮೊದಲ ದಿನ ಬೇಜಾರು ಮಾಡಿಕೊಳ್ಳಿ, ತಪ್ಪಿಲ್ಲ. ಮರುದಿನ ಖಾಲಿ ಉಳಿದ ಪ್ರೋಗ್ರಾಂಗಳ ಪಟ್ಟಿ ನೋಡಿ. ಈ ವಿಭಾಗದಲ್ಲಿ ವರ್ಷವೂ ಕೆಲವು ಸೀಟು ಉಳಿಯುತ್ತವೆ. ರೆಸಿಡೆನ್ಸಿಯಲ್ಲಿ ಇದ್ದ ಹಾಗೆ ಇಲ್ಲಿ ಎರಡನೇ ಸುತ್ತಿನ ಕಟ್ಟುನಿಟ್ಟು ವ್ಯವಸ್ಥೆ ಇಲ್ಲ, ನೇರವಾಗಿ ಪ್ರೋಗ್ರಾಂಗೆ ಮೇಲ್ ಮಾಡಬೇಕು. ನಿಮ್ಮ ಪರವಾಗಿ ನಿಮ್ಮ ಪ್ಯಾಲಿಯೇಟಿವ್ ಡಾಕ್ಟರ್ ಒಂದು ಫೋನ್ ಮಾಡಿದರೆ ಕೆಲಸ ಬೇಗ ಆಗುತ್ತದೆ. ಅದೂ ಆಗದಿದ್ದರೆ ಒಂದು ವರ್ಷ ಹಾಸ್ಪಿಟಲಿಸ್ಟ್ (ಆಸ್ಪತ್ರೆಗೆ ದಾಖಲಾದವರನ್ನು ನೋಡುವ ಡಾಕ್ಟರ್) ಆಗಿ ಕೆಲಸ ಮಾಡಿ ಮತ್ತೆ ಹಾಕಿ. ಹಾಗೆ ಎರಡನೇ ಸಲ ಬಂದ ಫೆಲೋಗಳು ನಮ್ಮಲ್ಲಿದ್ದರು, ಕೆಲಸದಲ್ಲಿ ಅವರ ಕೈ ಜಾಸ್ತಿ ಪಳಗಿತ್ತು.

## ಸ್ವಲ್ಪ ಮುಂದಿನ ಪ್ರಶ್ನೆಗಳು

ಜೆ-1 ವೀಸಾದಲ್ಲಿದ್ದೀನಿ. ತೊಂದರೆ ಆಗುತ್ತಾ?

ಮಾನ್ಯತೆ ಇರುವ ಫೆಲೋಶಿಪ್ ಆದ್ದರಿಂದ ಜೆ-1 (ತರಬೇತಿಗೆ ಬರುವ ಡಾಕ್ಟರುಗಳ ವೀಸಾ) ಮುಂದುವರಿಸಬಹುದು, ಒಟ್ಟು ಏಳು ವರ್ಷದ ಮಿತಿ ಇದೆ. ನಿಜವಾದ ಯೋಚನೆ ಇರುವುದು ಆಮೇಲಿನದು. ಎರಡು ವರ್ಷ ಸ್ವದೇಶಕ್ಕೆ ಹೋಗಬೇಕು, ಇಲ್ಲವೇ ಅದರಿಂದ ವಿನಾಯಿತಿ, ಅಂದರೆ ವೇವರ್, ಬೇಕು. ಕಾನ್ರಾಡ್ ಯೋಜನೆಯಲ್ಲಿ ಒಂದು ರಾಜ್ಯಕ್ಕೆ ವರ್ಷಕ್ಕೆ 30 ಜಾಗ, ಡಾಕ್ಟರ್ ಕೊರತೆ ಇರುವ ಕಡೆ ಮೂರು ವರ್ಷ ಕೆಲಸ. ಹಲವು ರಾಜ್ಯಗಳು ಪ್ರೈಮರಿ ಕೇರ್‌ನವರಿಗೆ ಮೊದಲ ಮಣೆ ಹಾಕುತ್ತವೆ. ಹಾಗಾಗಿ ಅರ್ಧ ಹಾಸ್ಪಿಟಲಿಸ್ಟ್, ಅರ್ಧ ಪ್ಯಾಲಿಯೇಟಿವ್ ಅನ್ನುವ ಕೆಲಸ ಹುಡುಕುವವರಿದ್ದಾರೆ. ಫೆಲೋಶಿಪ್ ಒಂದೇ ವರ್ಷ ಆದ್ದರಿಂದ ಸೇರಿದ ತಿಂಗಳಿಂದಲೇ ವೇವರ್ ಕೆಲಸ ಹುಡುಕಬೇಕಾಗುತ್ತದೆ. ಎಚ್-1ಬಿ (ಕೆಲಸದ ವೀಸಾ) ಆದರೆ ಸ್ಟೆಪ್ 3 ಪಾಸಾಗಿರಬೇಕು, ಎಲ್ಲ ಪ್ರೋಗ್ರಾಂಗಳೂ ಅದನ್ನು ಕೊಡುವುದಿಲ್ಲ. ಅರ್ಜಿ ಹಾಕುವ ಮುಂಚೆ ಕೋಆರ್ಡಿನೇಟರ್‌ಗೆ ಒಂದು ಸಾಲಿನ ಮೇಲ್ ಹಾಕಿ ಕೇಳಿಬಿಡಿ.

ಹತ್ತು ವರ್ಷದಿಂದ ಹಾಸ್ಪಿಟಲಿಸ್ಟ್ ಆಗಿದ್ದೀನಿ, ಮಕ್ಕಳಿದ್ದಾರೆ, ಸಾಲ ಇದೆ. ಈಗ ಫೆಲೋ ಆಗೋದು ಹುಚ್ಚಾ?

ಹುಚ್ಚಲ್ಲ. ಸಂಬಳ ಒಂದು ವರ್ಷ ಬಹಳ ಇಳಿಯುತ್ತದೆ, ಅದಕ್ಕೆ ಮನೆಯವರ ಜೊತೆ ಮುಂಚೆಯೇ ಕೂತು ಲೆಕ್ಕ ಹಾಕಿ. ವಾರಾಂತ್ಯದಲ್ಲಿ ಮೂನ್‌ಲೈಟಿಂಗ್ (ಸಂಬಳದ ಹೆಚ್ಚುವರಿ ಡ್ಯೂಟಿ) ಮಾಡಲು ಬಿಡುವ ಕಡೆ ನೋಡಿ. ಕೆಲವು ಪ್ರೋಗ್ರಾಂಗಳು ಅರ್ಧ ಹೊತ್ತಿನ ಲೆಕ್ಕದಲ್ಲಿ ಎರಡು ವರ್ಷಕ್ಕೆ ಹರಡಲು ಒಪ್ಪುತ್ತವೆ, ಕೇಳಿದರೆ ಮಾತ್ರ ಹೇಳುತ್ತಾರೆ. ಕಷ್ಟ ಆಗುವುದು ದುಡ್ಡಿಗಿಂತ ಇನ್ನೊಂದು. ಹತ್ತು ವರ್ಷ ಸ್ವತಂತ್ರವಾಗಿ ಕೆಲಸ ಮಾಡಿದವರ ಮಾತನ್ನು ತಮಗಿಂತ ಚಿಕ್ಕವರು ಪಕ್ಕದಲ್ಲಿ ಕೂತು ತಿದ್ದುತ್ತಾರೆ. ಅದನ್ನು ಮನಸಾರೆ ಒಪ್ಪಿಕೊಂಡವರು ತುಂಬಾ ಒಳ್ಳೆಯ ಫೆಲೋಗಳಾಗುತ್ತಾರೆ.

ಮಕ್ಕಳ ಪ್ಯಾಲಿಯೇಟಿವ್‌ಗೆ ಬೇರೆ ಅರ್ಜಿನಾ?

ಅರ್ಜಿಯ ವ್ಯವಸ್ಥೆ ಒಂದೇ, ಪೀಡಿಯಾಟ್ರಿಕ್ ಟ್ರ್ಯಾಕ್ ಬೇರೆ. ಸೀಟು ಕಡಿಮೆ, ಹೆಚ್ಚಾಗಿ ದೊಡ್ಡ ಮಕ್ಕಳ ಆಸ್ಪತ್ರೆಗಳಲ್ಲಿ. ಕೆಲಸವೂ ಬೇರೆ ತರಹ. ಕ್ಯಾನ್ಸರ್‌ಗಿಂತ ಹುಟ್ಟಿನಿಂದ ಬಂದ ಕಾಯಿಲೆಗಳು, ನರದ ಕಾಯಿಲೆಗಳು ಜಾಸ್ತಿ, ಒಂದೇ ಮಗುವನ್ನು ವರ್ಷಗಟ್ಟಲೆ ನೋಡುತ್ತೀರಿ. 2010ರ ಆರೋಗ್ಯ ಕಾನೂನಿನಿಂದ ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್‌ನಲ್ಲಿರುವ ಮಕ್ಕಳಿಗೆ ಹಾಸ್ಪೈಸ್ ಜೊತೆಗೇ ವಾಸಿ ಮಾಡುವ ಚಿಕಿತ್ಸೆಯೂ ಸಿಗುತ್ತದೆ, ದೊಡ್ಡವರ ಹಾಗೆ ಎರಡರಲ್ಲಿ ಒಂದು ಆರಿಸಬೇಕಾಗಿಲ್ಲ. ಈ ವ್ಯತ್ಯಾಸ ತಿಳಿದುಕೊಂಡು ಇಂಟರ್‌ವ್ಯೂಗೆ ಹೋಗಿ.

ದಿನಾ ಸಾವು ನೋಡ್ಕೊಂಡು ಇರೋಕಾಗುತ್ತಾ? ಮನೆಯವರು ಬೇಡ ಅಂತಿದ್ದಾರೆ.

ನಮ್ಮ ಅಮ್ಮನೂ ಇದನ್ನೇ ಕೇಳಿದ್ದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ರೆಸಿಡೆನ್ಸಿಯಲ್ಲೂ ಸಾವು ನೋಡಿದ್ದೆ, ಆದರೆ ಅಲ್ಲಿ ನನ್ನನ್ನು ಹಿಂಡಿದ್ದು ಸಾವಲ್ಲ, ನೋವಿನಲ್ಲಿ ಒದ್ದಾಡುವವರನ್ನು ನೋಡಿಕೊಂಡು ಏನೂ ಮಾಡಲು ಬಾರದೆ ಮುಂದಿನ ರೂಮಿಗೆ ಓಡಿದ್ದು. ಈಗ ಏನಾದರೂ ಮಾಡಲು ಬರುತ್ತದೆ. ನಿನ್ನೆ ರಾತ್ರಿ ಮಲಗದವರು ಇವತ್ತು ಬೆಳಗ್ಗೆ ನಿದ್ದೆಯಲ್ಲಿರುತ್ತಾರೆ, ಪಕ್ಕದಲ್ಲಿ ಮಗ ಕುರ್ಚಿಯಲ್ಲೇ ತೂಕಡಿಸುತ್ತಿರುತ್ತಾನೆ.

ಹಾಗಂತ ಭಾರ ಇಲ್ಲವೇ ಇಲ್ಲ ಅಂತಲ್ಲ. ನನ್ನ ವಯಸ್ಸಿನವರು, ನನ್ನ ಮಗಳ ವಯಸ್ಸಿನ ಮಕ್ಕಳಿರುವವರು ಹೋದಾಗ ಕಾರಿನಲ್ಲಿ ಕೂತು ಅತ್ತು ಮನೆಗೆ ಹೋಗಿದ್ದೇನೆ. ಒಳ್ಳೆಯ ತಂಡದಲ್ಲಿ ವಾರಕ್ಕೊಮ್ಮೆ ಹೋದವರ ಹೆಸರು ಓದಿ, ಒಬ್ಬೊಬ್ಬರ ಬಗ್ಗೆ ಒಂದೊಂದು ಮಾತು ಆಡುತ್ತಾರೆ. ಇಂಥದ್ದು ಇದೆಯಾ ಅಂತ ಇಂಟರ್‌ವ್ಯೂನಲ್ಲೇ ಕೇಳಿ. ಹತ್ತಿರದವರನ್ನು ಕಳೆದುಕೊಂಡು ಇನ್ನೂ ಕೆಲವೇ ತಿಂಗಳಾಗಿದ್ದರೆ ಒಂದು ವರ್ಷ ತಡೆದು ಹಾಕುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಮ್ಯಾಚ್ ಆಯ್ತು! ಜುಲೈ ಒಳಗೆ ಏನು ಓದಲಿ?

ಒಪಿಯಾಯ್ಡ್ ಲೆಕ್ಕ ಕೈಗೆ ಬರಲಿ, ಉಳಿದದ್ದು ಅಲ್ಲೇ ಕಲಿಯುತ್ತೀರಿ. ದಿನಕ್ಕೆ 60 ಮಿಲಿಗ್ರಾಂ ಮಾರ್ಫಿನ್ ಬಾಯಲ್ಲಿ ತೆಗೆದುಕೊಳ್ಳುತ್ತಿದ್ದವರಿಗೆ ನುಂಗಲು ಆಗುತ್ತಿಲ್ಲ ಅಂದುಕೊಳ್ಳಿ. ಬಾಯಿಂದ ಐವಿಗೆ ಸಾಮಾನ್ಯವಾಗಿ ಮೂರಕ್ಕೆ ಒಂದು, ಅಂದರೆ 24 ಗಂಟೆಗೆ 20 ಮಿಲಿಗ್ರಾಂ. ನಡುವೆ ನೋವು ಬಂದರೆ ಕೊಡುವ ಡೋಸ್ ದಿನದ ಒಟ್ಟಿನ ಶೇಕಡಾ 10ರಿಂದ 15. ಬೇರೆ ಔಷಧಿಗೆ, ಹೈಡ್ರೋಮಾರ್ಫೋನ್ ತರಹದ್ದಕ್ಕೆ ಬದಲಾಯಿಸುವಾಗ ಬಂದ ಲೆಕ್ಕದಿಂದ ಶೇಕಡಾ 25ರಿಂದ 50 ಇಳಿಸಿ ಶುರು ಮಾಡುತ್ತಾರೆ, ಯಾಕೆಂದರೆ ಮೈ ಹಳೆಯ ಔಷಧಿಗೆ ಒಗ್ಗಿದಷ್ಟು ಹೊಸದಕ್ಕೆ ಒಗ್ಗಿರುವುದಿಲ್ಲ. ಕಿಡ್ನಿ ಕೆಟ್ಟವರಲ್ಲಿ ಮಾರ್ಫಿನ್‌ನಿಂದ ಆಗುವ ಪದಾರ್ಥಗಳು ಒಳಗೇ ಉಳಿದು ಕೈಕಾಲು ಜರ್ಕು ಹೊಡೆಯುತ್ತವೆ, ಅಂಥವರಿಗೆ ಬೇರೆ ಔಷಧಿ. ಇಂಥ ಲೆಕ್ಕ ದಿನಕ್ಕೊಂದು ಕಾಗದದ ಮೇಲೆ ಮಾಡಿ ನೋಡಿ, ಆ್ಯಪ್ ಮುಟ್ಟದೆ. ಪೇಷೆಂಟ್‌ಗೆ ಬರೆಯುವಾಗ ಮಾತ್ರ ನಿಮ್ಮ ಆಸ್ಪತ್ರೆಯ ಪಟ್ಟಿ ಮತ್ತು ಫಾರ್ಮಸಿಸ್ಟ್ ಹೇಳಿದ್ದೇ ಕೊನೆ.

ಇನ್ನೆರಡು ಕೆಲಸ. ಬೇರೆ ರಾಜ್ಯಕ್ಕೆ ಹೋಗುತ್ತಿದ್ದರೆ ಅಲ್ಲಿನ ಲೈಸೆನ್ಸ್‌ಗೆ ಜನವರಿಯಲ್ಲೇ ಅರ್ಜಿ ಹಾಕಿ, ತಿಂಗಳುಗಟ್ಟಲೆ ಹಿಡಿಯುತ್ತದೆ. ಮತ್ತೆ, ಪ್ಯಾಲಿಯೇಟಿವ್ ಬೋರ್ಡ್ ಪರೀಕ್ಷೆ ನಡೆಯುವುದು ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷಗಳಲ್ಲಿ. ನಿಮ್ಮ ಫೆಲೋಶಿಪ್ ಯಾವ ವರ್ಷ ಮುಗಿಯುತ್ತದೆ ಅಂತ ಈಗಲೇ ನೋಡಿಕೊಳ್ಳಿ. ಬೆಸ ಸಂಖ್ಯೆಯ ವರ್ಷ ಆದರೆ ಪರೀಕ್ಷೆಗೆ ಇನ್ನೊಂದು ವರ್ಷ ಕಾಯಬೇಕು. ಕೆಲಸಕ್ಕೆ ಸೇರುವಾಗ ಕಾಂಟ್ರ್ಯಾಕ್ಟ್‌ನಲ್ಲಿ "ಬೋರ್ಡ್ ಎಲಿಜಿಬಲ್" (ಬೋರ್ಡ್ ಪರೀಕ್ಷೆಗೆ ಕೂರಲು ಅರ್ಹರು) ಅಂತ ಬರೆಸಿಕೊಳ್ಳಿ.